ಖಾಲಿ ಮಾಡಿಸಿದ ಬಿಲ್ಡಿಂಗಿನಲ್ಲಿ ಬೆಕ್ಕೊಂದು ಉಳಿದುಹೋಗಿದೆ. ಮುಂಬಯಿಯ ಸಯನ್ ಕಡೆ ಯಾರಾದರೂ ಇದ್ದೀರಾ?

ಸಯನ್ ಸರ್ಕಲ್ · ಶುಕ್ರವಾರ ರಾತ್ರಿ 9:50

ನಮಸ್ಕಾರ. ನಮ್ಮ ಗಲ್ಲಿಯ ಕೊನೆಯಲ್ಲಿರುವ ಹಳೇ ಬಿಲ್ಡಿಂಗನ್ನು ಮೊನ್ನೆ ಖಾಲಿ ಮಾಡಿಸಿದರು. ಸಿ-1 ಅಂತ ಬೋರ್ಡು ಬಿದ್ದಿತ್ತು. ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಮಳೆಗಾಲಕ್ಕೆ ಮುಂಚೆ ಪಟ್ಟಿ ಮಾಡುವ ಅತಿ ಅಪಾಯದ ಕಟ್ಟಡ. ಮೊದಲು ನೀರು ಕಟ್, ಆಮೇಲೆ ಕರೆಂಟ್ ಕಟ್, ಆಮೇಲೆ ಟೆಂಪೋ. 22 ಸಂಸಾರ ಎರಡೇ ದಿನದಲ್ಲಿ ಜಾಗ ಬಿಟ್ಟವು.

ಈಗ ಮೂರನೇ ಮಾಳಿಗೆಯಿಂದ ರಾತ್ರಿಯೆಲ್ಲ ಬೆಕ್ಕು ಕೂಗುತ್ತಿದೆ. ನಾನಿರುವುದು ಎದುರಿನ ಬಿಲ್ಡಿಂಗಿನಲ್ಲಿ, ನಮ್ಮ ಅಡುಗೆಮನೆ ಕಿಟಕಿಯಿಂದ ಅವರ ಗ್ಯಾಲರಿ ನೇರ ಕಾಣುತ್ತದೆ. ಬಾಗಿಲು, ಕಿಟಕಿ ಚೌಕಟ್ಟು ಎಲ್ಲ ಭಂಗಾರದವರು, ಅಂದರೆ ಗುಜರಿಯವರು, ಕಿತ್ತುಕೊಂಡು ಹೋಗಿದ್ದಾರೆ. ಒಳಗೆ ಗೋಡೆಯ ಮೇಲೆ ಕ್ಯಾಲೆಂಡರ್ ಹಾಗೇ ನೇತಾಡುತ್ತಿದೆ. ಬಿಳಿ ಬೆಕ್ಕು, ಬೆನ್ನಿನ ಮೇಲೆ ಕೇಸರಿ ಮಚ್ಚೆ. ಕತ್ತಿನಲ್ಲಿ ಕೆಂಪು ದಾರ, ದಾರಕ್ಕೊಂದು ಗೆಜ್ಜೆ. ಅಂದರೆ ಯಾರೋ ಸಾಕಿದ್ದು. ಕೂಗು ನಿಂತಾಗ ಗೆಜ್ಜೆ ಕೇಳಿಸುತ್ತದೆ. ನನಗೆ ನಿದ್ದೆ ಕೆಡುವುದು ಆ ಗೆಜ್ಜೆಗೆ.

ಮಂಗಳವಾರದಿಂದ ಒಡೆಯುವ ಕೆಲಸ ಶುರುವಂತೆ. ವಾಚ್‌ಮನ್ ಒಳಗೆ ಬಿಡುವುದಿಲ್ಲ. ಒಂದು ಸಹಾಯವಾಣಿಗೆ ಎರಡು ಸಲ ಫೋನ್ ಮಾಡಿದೆ. ‘ಪ್ರಾಣಿಗೆ ಗಾಯ ಆಗಿದೆಯಾ?’ ಅಂತ ಕೇಳಿದರು. ಇಲ್ಲ ಅಂದೆ. ‘ಹಾಗಾದರೆ ನಮ್ಮ ಕೇಸ್ ಅಲ್ಲ’ ಅಂದರು. ಏನು ಮಾಡಲಿ?

ಬಂಗಡೆ ಫ್ರೈ · ಶುಕ್ರವಾರ ರಾತ್ರಿ 10:05

ಅಕ್ಕಾ, ಕೆಳಗೆ ನಿಂತು ಒಂದು ಬಂಗಡೆ ತೋರಿಸಿ. ಮೂರನೇ ಮಾಳಿಗೆ ಏನು, ಹತ್ತನೇ ಮಾಳಿಗೆಯಿಂದಲೂ ಇಳಿದು ಬರುತ್ತದೆ. ತಮಾಷೆ ಅಲ್ಲ, ನಮ್ಮ ಹೋಟೆಲಿನ ಹಿಂದಿನ ಬಾಗಿಲಲ್ಲಿ ದಿನಾ ನೋಡುತ್ತೇನೆ.

ನೇರಮಾತು · ಶುಕ್ರವಾರ ರಾತ್ರಿ 10:20

ನನಗೆ ಬೆಕ್ಕಿನ ಮೇಲಲ್ಲ, ಬಿಟ್ಟು ಹೋದವರ ಮೇಲೆ ಸಿಟ್ಟು ಬರುತ್ತಿದೆ. ಟಿವಿ ಮರೆಯಲಿಲ್ಲ, ಫ್ರಿಜ್ ಮರೆಯಲಿಲ್ಲ, ಗ್ಯಾಸ್ ಸಿಲಿಂಡರ್ ಮರೆಯಲಿಲ್ಲ. ಉಸಿರಾಡುವ ಜೀವ ಮಾತ್ರ ಮರೆತುಹೋಯಿತಾ? ಇಂಥವರು ಸಾಕುವುದಾದರೂ ಯಾಕೆ? ಪೊಲೀಸ್ ಕಂಪ್ಲೇಂಟ್ ಕೊಡಿ. ಹೆಸರು ಹಾಕಿ, ನಾಲ್ಕು ಜನಕ್ಕೆ ಗೊತ್ತಾಗಲಿ.

ಕಲ್ಯಾಣ್ ಸ್ಲೋ · ಶುಕ್ರವಾರ ರಾತ್ರಿ 11:10

ನೇರಮಾತು ಅವರೇ, ಹಾಗೆ ಬಿಟ್ಟು ಬಂದವರಲ್ಲಿ ನಾನೂ ಒಬ್ಬ. ಇಲ್ಲಿ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

2011ರಲ್ಲಿ ಇಲ್ಲೇ ಮುಂಬಯಿಯ ಲಾಲ್‌ಬಾಗ್‌ನ ನಮ್ಮ ಚಾಳ್ (ಸಾಲು ಖೋಲಿಗಳ ಹಳೇ ಕಟ್ಟಡ) ರೀಡೆವಲಪ್‌ಮೆಂಟಿಗೆ ಹೋಯಿತು. ಬಿಲ್ಡರ್ ತಿಂಗಳ ಬಾಡಿಗೆ ಚೆಕ್ ಕೊಟ್ಟ, ಅದರಲ್ಲಿ ಮೋಸ ಇರಲಿಲ್ಲ. ಆದರೆ ನಮ್ಮ ಹತ್ತಿರ ಒಂದು ನಾಯಿ ಇತ್ತು, ಕರಿಯ. ಬೀದಿಯಿಂದಲೇ ಬಂದದ್ದು, ಒಂಬತ್ತು ವರ್ಷ ನಮ್ಮ ಹೊಸ್ತಿಲಲ್ಲಿ ಮಲಗಿತ್ತು. ನಾನು ಬಾಡಿಗೆಗೆ 14 ಮನೆ ನೋಡಿದೆ. ಪ್ರತಿಯೊಂದು ಕಡೆಯೂ ಎರಡು ಪ್ರಶ್ನೆ: ಮೀನು ತಿನ್ನುತ್ತೀರಾ, ನಾಯಿ ಇದೆಯಾ? ಮೊದಲನೆಯದಕ್ಕೆ ಸುಳ್ಳು ಹೇಳಬಹುದು. ಎರಡನೆಯದಕ್ಕೆ ಹೇಗೆ ಹೇಳುವುದು?

ಕೊನೆಗೆ ಕಲ್ಯಾಣದಲ್ಲಿ ಮನೆ ಸಿಕ್ಕಿತು, ನಾಯಿ ಇಲ್ಲದ ಷರತ್ತಿನ ಮೇಲೆ. ಸೈಟಿನ ವಾಚ್‌ಮನ್‌ಗೆ ತಿಂಗಳಿಗೆ 500 ರೂಪಾಯಿ ಕೊಟ್ಟು ಊಟ ಹಾಕಲು ಹೇಳಿ ಬಂದೆ. ಪ್ರತಿ ರವಿವಾರ ನೋಡಲು ಹೋಗುತ್ತಿದ್ದೆ. ನೀಲಿ ತಗಡಿನ ಬೇಲಿಯ ಹೊರಗೆ, ಸರಿಯಾಗಿ ನಮ್ಮ ಖೋಲಿ ಇದ್ದ ಜಾಗದ ಎದುರು ಕೂತಿರುತ್ತಿತ್ತು. ಒಳಗೆ ಬಿಲ್ಡಿಂಗೇ ಇಲ್ಲ, ಬರೀ ಹೊಂಡ. ಆರನೇ ವಾರ ಹೋದಾಗ ಕರಿಯ ಇರಲಿಲ್ಲ. ವಾಚ್‌ಮನ್ ಬದಲಾಗಿದ್ದ. ಹೊಸಬನಿಗೆ ನಾಯಿಯ ವಿಷಯವೇ ಗೊತ್ತಿರಲಿಲ್ಲ.

ಆಗ ಯಾರಾದರೂ ‘ಆರು ತಿಂಗಳು ನಮ್ಮ ಮನೆಯಲ್ಲಿ ಇರಲಿ, ನಿಮಗೆ ಬೇರೆ ಮನೆ ಸಿಕ್ಕಾಗ ಕರೆದುಕೊಂಡು ಹೋಗಿ’ ಅಂದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬೈಯುವವರು ಬೇಕಾದಷ್ಟು ಜನ ಸಿಕ್ಕರು.

ಹಳೇ ಡಾಕ್ಟರ್ · ಶನಿವಾರ ಬೆಳಿಗ್ಗೆ 7:15

ನಾನು ಪಶುವೈದ್ಯ, ಈಗ ನಿವೃತ್ತ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸಾಮಾನು ಎಳೆದಾಡುವ ಸದ್ದು ಕೇಳಿದರೆ ಬೆಕ್ಕು ತನಗೆ ಗೊತ್ತಿರುವ ಎಲ್ಲಕ್ಕಿಂತ ಒಳಗಿನ ಸಂದಿಗೆ ಸೇರಿಕೊಳ್ಳುತ್ತದೆ. ಮುಂಬಯಿ ಮನೆಗಳಲ್ಲಿ ಅದು ಸಾಮಾನ್ಯವಾಗಿ ಪೋಟಮಾಳಾ, ಹಳೇ ಪಾತ್ರೆ, ಹಾಸಿಗೆ ತುಂಬಿಡುವ ಅಟ್ಟ. ಸಾಕಿದವರು ಕರೆದರೂ ಮಿಸುಕುವುದಿಲ್ಲ. ಜನ ಹೋಗಿ ಸದ್ದಡಗಿದ ಮೇಲೆ, ರಾತ್ರಿ ಹೊರಗೆ ಬಂದು ಕೂಗುತ್ತದೆ. ನಾವು ‘ಬಿಟ್ಟು ಹೋದರು’ ಅನ್ನುವುದು ಎಷ್ಟೋ ಸಲ ‘ಹುಡುಕಿದರೂ ಸಿಗಲಿಲ್ಲ’ ಆಗಿರುತ್ತದೆ. ನೇರಮಾತು ಅವರು ಇದನ್ನು ಗಮನಿಸಬೇಕು.

ಈಗ ಕೆಲಸದ ಮಾತು. ಸಯನ್ ಸರ್ಕಲ್ ಅವರೇ, ನೀವು ಮೇಲೆ ಹತ್ತಬೇಡಿ. ಸಿ-1 ಅಂದರೆ ಸುಮ್ನೆ ಬರೆದಿರುವುದಿಲ್ಲ. ಮೆಟ್ಟಿಲು ಕುಸಿದರೆ ಬೆಕ್ಕು ಹಾರಿ ಬದುಕುತ್ತದೆ, ನೀವು ಬದುಕುವುದಿಲ್ಲ. ಊಟವನ್ನು ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಇಡಿಸಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ ಲಿವರಿನಲ್ಲಿ ಕೊಬ್ಬು ಸೇರಿಕೊಂಡು ಜೀವಕ್ಕೇ ಅಪಾಯ, ದಪ್ಪ ಬೆಕ್ಕುಗಳಿಗೆ ಇನ್ನೂ ಜಾಸ್ತಿ. ಹಾಗಾಗಿ ಹಿಡಿಯುವುದಕ್ಕಿಂತ ಮೊದಲು ತಿನ್ನಿಸುವುದು ಮುಖ್ಯ. ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ, ಖಾಲಿ ಹೊಟ್ಟೆಗೆ ಬಿದ್ದರೆ ಭೇದಿ ಶುರುವಾಗುತ್ತದೆ. ಬೇಯಿಸಿದ ಮೀನು ಅಥವಾ ಕೋಳಿ, ಉಪ್ಪು ಖಾರ ಇಲ್ಲದೆ, ಸ್ವಲ್ಪ ಸ್ವಲ್ಪ. ಪಕ್ಕದಲ್ಲಿ ನೀರು.

ಬೆಕ್ಕು ಹಿಡಿಯುವ ಬೋನನ್ನು ಪ್ರಾಣಿ ಸಂಸ್ಥೆಗಳು ಡಿಪಾಸಿಟ್ ಇಟ್ಟುಕೊಂಡು ಕೊಡುತ್ತವೆ, ಕೇಳಿ ನೋಡಿ. ಮೊದಲ ರಾತ್ರಿ ಬಾಗಿಲನ್ನು ಮೇಲಕ್ಕೆ ಕಟ್ಟಿ, ಒಳಗೆ ಊಟ ಮಾತ್ರ ಇಡಬೇಕು. ಹೆದರಿಕೆ ಹೋಗಿ ಒಳಗೆ ನಡೆದು ಅಭ್ಯಾಸವಾದ ಮೇಲೆ ಬಾಗಿಲು ಬೀಳುವಂತೆ ಮಾಡುವುದು. ಬಿದ್ದ ಕೂಡಲೇ ಮೇಲೊಂದು ಹಾಸು ಹೊದಿಸಿ, ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಸಾಕಿದವರು ಉಟ್ಟ ಬಟ್ಟೆ ಏನಾದರೂ ಸಿಕ್ಕಿದರೆ ಬೋನಿನ ಒಳಗೆ ಹಾಸಿ. ಬೇರೆ ಯಾವ ಮಂತ್ರವೂ ಅಷ್ಟು ಕೆಲಸ ಮಾಡುವುದಿಲ್ಲ.

ಕಚ್ಚಿದರೆ ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ. ಅದೇ ದಿನ ರೇಬೀಸ್ ಇಂಜೆಕ್ಷನ್. ‘ಮನೆ ಬೆಕ್ಕು ತಾನೇ’ ಅಂತ ಬಿಡಬೇಡಿ.

ಬಂಗಡೆ ಫ್ರೈ · ಶನಿವಾರ ಬೆಳಿಗ್ಗೆ 7:40

ಉಪ್ಪು ಖಾರ ಇಲ್ಲದ ಬಂಗಡೆ! ಡಾಕ್ಟ್ರೇ, ಬೆಕ್ಕಿಗೂ ಬೇಸರವಾಗುತ್ತದೆ. ಸರಿ, ನಾನು ಒಣ ಜವಳಾ, ಅಂದರೆ ಪುಟ್ಟ ಸೀಗಡಿ, ಕೊಡುತ್ತೇನೆ. ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಹುರಿದರೆ ವಾಸನೆ ಇಡೀ ಗಲ್ಲಿಗೆ ಹೋಗುತ್ತದೆ.

ಕಲಂ ನಾಲ್ಕು · ಶನಿವಾರ ಬೆಳಿಗ್ಗೆ 9:30

ಪೊಲೀಸ್ ಕಂಪ್ಲೇಂಟಿನ ಮಾತು ಬಂತಲ್ಲ, ವಕೀಲನಾಗಿ ಹೇಳುತ್ತೇನೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಅದರ 11ನೇ ಕಲಮಿನಲ್ಲಿ, ಸರಿಯಾದ ಕಾರಣ ಇಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟು ಹೋಗುವುದು ಅಪರಾಧ. ಮೊದಲ ಸಲ ಸಿಕ್ಕಿದರೆ ದಂಡ ಎಷ್ಟು ಗೊತ್ತಾ? 10 ರೂಪಾಯಿಗೆ ಕಮ್ಮಿ ಇಲ್ಲ, 50 ರೂಪಾಯಿಗೆ ಜಾಸ್ತಿ ಇಲ್ಲ. ಸ್ಟೇಷನ್ನಿಗೆ ಹೋಗಿ ಬರುವ ರಿಕ್ಷಾಕ್ಕೆ ಅದಕ್ಕಿಂತ ಹೆಚ್ಚಾಗುತ್ತದೆ.

‘ಸರಿಯಾದ ಕಾರಣ ಇಲ್ಲದೆ’ ಅನ್ನುವ ಮಾತನ್ನೂ ನೋಡಿ. ಪಾಲಿಕೆ ಕಾಯ್ದೆಯ 354ನೇ ಕಲಮಿನ ನೋಟಿಸ್ ಕೊಟ್ಟು, ನೀರು ಕರೆಂಟ್ ಕಡಿದು ಹೊರಗೆ ಹಾಕಿದವರಿಗೆ ಕಾರಣ ಇರಲಿಲ್ಲ ಅಂತ ಯಾವ ಬಾಯಲ್ಲಿ ವಾದ ಮಾಡುವುದು?

ನಾನು ಇಂಥ ನೋಟಿಸುಗಳನ್ನು ಬೇಕಾದಷ್ಟು ಓದಿದ್ದೇನೆ. ಕಟ್ಟಡದ ವಿಷಯ ಇರುತ್ತದೆ, ಜವಾಬ್ದಾರಿಯ ವಿಷಯ ಇರುತ್ತದೆ. ನಾಯಿ ಬೆಕ್ಕಿನ ವಿಷಯ ಒಂದರಲ್ಲೂ ಕಂಡಿಲ್ಲ. ಆದರೆ ಇವು ರಾತ್ರೋರಾತ್ರಿ ಬರುವುದಿಲ್ಲ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಕಡ್ಡಾಯ. ಆಡಿಟ್ ಆಗುತ್ತದೆ, ವರದಿ ಬರುತ್ತದೆ, ಜಗಳ ಆಗುತ್ತದೆ, ಕೋರ್ಟಿಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಸಮಯ ಇರುತ್ತದೆ. ಅಷ್ಟು ದಿನ ನಾವ್ಯಾರೂ ಹೋಗಿ ‘ನಿಮ್ಮ ಮನೆಯಲ್ಲಿ ಪ್ರಾಣಿ ಇದೆಯಾ?’ ಅಂತ ಕೇಳುವುದಿಲ್ಲ.

ನೇರಮಾತು · ಶನಿವಾರ ಬೆಳಿಗ್ಗೆ 9:55

50 ರೂಪಾಯಿಯಾ? ಛೆ. ಕಾಯ್ದೆ ಸಣ್ಣದಾದರೆ ತಪ್ಪು ಸಣ್ಣದಾಗುತ್ತದಾ? ಕಲ್ಯಾಣ್ ಸ್ಲೋ ಅವರ ನೋವು ಅರ್ಥವಾಗುತ್ತದೆ. ಆದರೆ ಎಲ್ಲರೂ ಅವರ ಹಾಗೆ ಪ್ರತಿ ರವಿವಾರ ಹೋಗುವವರಲ್ಲ. ಕಾರಿನಲ್ಲಿ ಕಾಡಿನಂಥ ಆರೇ ಕಾಲೋನಿಗೆ ತಂದು ಬಿಟ್ಟು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಕತ್ತಿನ ಪಟ್ಟಿ ಬಿಚ್ಚಿ ಕಳಿಸುತ್ತಾರೆ, ಗುರುತು ಸಿಗಬಾರದು ಅಂತ.

ಹಳೇ ಡಾಕ್ಟರ್ · ಶನಿವಾರ ಬೆಳಿಗ್ಗೆ 10:10

ಅದು ನಿಜ. ಆರೇಯಲ್ಲಿ ಬಿಟ್ಟ ನಾಯಿ ಚಿರತೆಗೆ ಊಟ. ಪಕ್ಕದ ನ್ಯಾಷನಲ್ ಪಾರ್ಕಿನ ಚಿರತೆಗಳ ಹೊಟ್ಟೆ ಬಹಳಷ್ಟು ತುಂಬುವುದೇ ನಾಯಿಗಳಿಂದ. ಅವು ಬೀದಿಯಲ್ಲಿ ಹುಟ್ಟಿದವಾದರೆ ಸ್ವಲ್ಪವಾದರೂ ಹುಷಾರಾಗಿರುತ್ತವೆ. ಸೋಫಾದ ಮೇಲೆ ಬೆಳೆದದ್ದಕ್ಕೆ ಏನು ಗೊತ್ತು?

ವಿಜಾಪುರ ಜೋಳ · ಶನಿವಾರ ಮಧ್ಯಾಹ್ನ 1:20

ಊಟದ ಹೊತ್ತಿನಲ್ಲಿ ಓದಿದೆ. ನಾನು ಲೇಬರ್ ಕಾಂಟ್ರಾಕ್ಟರ್, ಒಡೆಯುವ ಕೆಲಸವನ್ನೂ ಹಿಡಿಯುತ್ತೇನೆ. ಈ ಬಿಲ್ಡಿಂಗ್ ನನ್ನದಲ್ಲ, ಆದರೆ ಹಿಡಿದವನು ನಮ್ಮ ಕಡೆಯವನೇ, ಇಂಡಿ ತಾಲೂಕಿನವನು. ಮಾತಾಡುತ್ತೇನೆ.

ಒಂದು ವಿಷಯ ತಿಳಿದುಕೊಳ್ಳಿ. ಅಷ್ಟು ಇಕ್ಕಟ್ಟಿನ ಗಲ್ಲಿಗೆ ದೊಡ್ಡ ಮಷಿನ್ ಹೋಗುವುದಿಲ್ಲ. ಕೈಯಿಂದಲೇ ಒಡೆಯುತ್ತಾರೆ, ಮೇಲಿನಿಂದ ಕೆಳಗೆ. ನಿಮ್ಮ ಬೆಕ್ಕು ಇರುವುದು ಮೇಲಿನ ಮಾಳಿಗೆಯಲ್ಲಾದರೆ ಮೊದಲ ಸುತ್ತಿಗೆ ಬೀಳುವುದೇ ಅಲ್ಲಿ. ಸದ್ದಿಗೆ ಹೆದರಿ ಇನ್ನೂ ಒಳಗೆ ಹೋದರೆ ಮುಗಿಯಿತು. ಮಂಗಳವಾರದ ಮುಂಚೆಯೇ ಆಗಬೇಕು.

ವಾಚ್‌ಮನ್ ಮೇಲೆ ಸಿಟ್ಟು ಬೇಡ. ಯಾರಾದರೂ ಒಳಗೆ ಹೋಗಿ ಕಾಲು ಮುರಿದುಕೊಂಡರೆ ಅವನ ಕೆಲಸ ಹೋಗುತ್ತದೆ. ಹೆಲ್ಮೆಟ್ ಹಾಕಿದ ನಮ್ಮ ಹುಡುಗನನ್ನು ಕಳಿಸಿದರೆ ಬಿಡುತ್ತಾನೆ.

ಇನ್ನೊಂದು ಮಾತು. ನಿಮ್ಮದೆಲ್ಲ ಬಿಲ್ಡಿಂಗಿನ ಕಥೆ. ನಮ್ಮ ಲೇಬರ್ ಜನ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಒಂದೂವರೆ ವರ್ಷಕ್ಕೊಮ್ಮೆ ಸೈಟು ಮುಗಿಯುತ್ತದೆ, ಶೆಡ್ಡು ಬಿಚ್ಚುತ್ತದೆ. ಅವರಿಗೂ ನಾಯಿ, ಕೋಳಿ, ಮೇಕೆ ಇರುತ್ತವೆ. ನಾನು ನೋಡಿದಂತೆ ಕೋಳಿಯನ್ನು ಕೊನೆಯ ದಿನ ಸಾರು ಮಾಡುತ್ತಾರೆ, ನಾಯಿಯನ್ನು ಟ್ರಕ್ಕಿನ ಮೇಲೆ ಸಿಮೆಂಟಿನ ಚೀಲದ ಪಕ್ಕ ಕೂರಿಸಿಕೊಂಡು ಹೊಸ ಸೈಟಿಗೆ ಬರುತ್ತಾರೆ. ಅವರಿಗೆ ‘ನೋ ಪೆಟ್ಸ್’ ಅನ್ನುವ ಓನರ್ ಇಲ್ಲ ನೋಡಿ.

ಊರಮನೆ · ಶನಿವಾರ ಸಂಜೆ 4:00

ಬೆಕ್ಕು ಸಿಕ್ಕಿದರೆ ಊರಿಗೆ ಕಳಿಸಿ. ನಮ್ಮ ಕುಂದಾಪುರದ ಮನೆಯಲ್ಲಿ ಜಾಗಕ್ಕೆ ಬರವಿಲ್ಲ. ನಾಯಿಯೂ ಇದ್ದರೆ ಕಳಿಸಿ, ಅಂಗಳದಲ್ಲಿ ಇರುತ್ತದೆ.

ಕಲ್ಯಾಣ್ ಸ್ಲೋ · ಶನಿವಾರ ಸಂಜೆ 4:25

ನಿಮ್ಮ ಮನಸ್ಸು ದೊಡ್ಡದು. ಆದರೆ ‘ಊರಿಗೆ ಕಳಿಸಿದೆವು’ ಅನ್ನುವುದು ಮುಂಬಯಿ ಕನ್ನಡಿಗರ ಬಾಯಲ್ಲಿ ಹಳೇ ಮಾತು, ಮಕ್ಕಳನ್ನು ಸುಮ್ಮನಾಗಿಸಲು. ನಮ್ಮ ಸಂಬಂಧಿಕರೊಬ್ಬರು ಒಂದು ಪಾಮೇರಿಯನ್ ನಾಯಿಯನ್ನು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ತೂತು ಮಾಡಿ ಕಳಿಸಿದರು. ಮೇ ತಿಂಗಳು. ಊರಿಗೆ ಮುಟ್ಟಿದಾಗ ಜೀವ ಇರಲಿಲ್ಲ. ಕ್ಲೀನರ್ ದಾರಿಯಲ್ಲಿ ಒಮ್ಮೆಯೂ ಡಿಕ್ಕಿ ತೆಗೆದಿರಲಿಲ್ಲವಂತೆ.

ಕಳಿಸಲೇಬೇಕಾದರೆ ರೈಲು. ಫಸ್ಟ್ ಎಸಿ ಇರುವ ಗಾಡಿಯಲ್ಲಿ ಪೂರ್ತಿ ಕೂಪೆ ನಿಮ್ಮದಾದರೆ ನಾಯಿಯನ್ನು ಜೊತೆಗೇ ಕೂರಿಸಿಕೊಳ್ಳಬಹುದು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ, ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಬೇಕು. ಸ್ಲೀಪರ್, ಟೂ ಟಯರ್, ಥ್ರೀ ಟಯರ್‌ನಲ್ಲಿ ಬಿಡುವುದಿಲ್ಲ.

ಮತ್ತೆ, ಕುಂದಾಪುರದ ಕಡೆ ಅಂಗಳದ ನಾಯಿಯನ್ನು ಚಿರತೆ ಒಯ್ಯುವುದು ಹೊಸತೇನಲ್ಲ, ಅಲ್ವಾ?

ಊರಮನೆ · ಶನಿವಾರ ಸಂಜೆ 4:40

ಅದು ಹೌದು. ಹೋದ ವರ್ಷ ನಮ್ಮದೇ ಹೋಯಿತು. ರಾತ್ರಿ ಒಳಗೆ ಕಟ್ಟುತ್ತೇವೆ ಈಗ.

ಸಯನ್ ಸರ್ಕಲ್ · ಶನಿವಾರ ರಾತ್ರಿ 10:30

ಎಲ್ಲರಿಗೂ ಥ್ಯಾಂಕ್ಸ್. ವಿಜಾಪುರ ಜೋಳ ಅವರು ಕಳಿಸಿದ ಹುಡುಗ ಸಂಜೆ ಬಂದಿದ್ದ. 20 ವರ್ಷ ಇರಬಹುದು. ಹೆಲ್ಮೆಟ್ ಹಾಕಿಕೊಂಡು ಬೋನು ಹೊತ್ತುಕೊಂಡು ಗೋಡೆ ಬದಿಯಲ್ಲೇ ಹೆಜ್ಜೆ ಇಡುತ್ತ ಮೇಲೆ ಹೋದ. ಮೆಟ್ಟಿಲಿನ ನಡುವೆ ಕಾಲಿಡಬಾರದಂತೆ. ಬೋನಿನ ಬಾಗಿಲು ಕಟ್ಟಿಟ್ಟು, ಜವಳಾ ಸುರಿದು ಬಂದ. ಬೆಕ್ಕು ಕಾಣಲಿಲ್ಲವಂತೆ, ಪೋಟಮಾಳಾದ ಧೂಳಿನಲ್ಲಿ ಹೆಜ್ಜೆ ಗುರುತು ಮಾತ್ರ ಇತ್ತಂತೆ.

ಮೂಲೆಯ ಪಾನ್‌ವಾಲಾನಿಗೆ ಆ ಮನೆಯವರ ನಂಬರ್ ಗೊತ್ತಿತ್ತು. ಫೋನ್ ಎತ್ತಲಿಲ್ಲ. ಕನ್ನಡದವರೇ ಅಂತ ಹೇಳಿದ, ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ.

ಮೂರನೇ ಮಾಳಿಗೆ · ರವಿವಾರ ಬೆಳಿಗ್ಗೆ 6:05

ಆ ಬೆಕ್ಕು ನಮ್ಮದು. ಹೆಸರು ಮಲ್ಲಿ.

ನಿನ್ನೆ ರಾತ್ರಿ ಎಲ್ಲ ಓದಿದೆ. ಬರೆಯಬಾರದು ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದ ಮೇಲೆ ತಡೆಯಲಾಗಲಿಲ್ಲ.

ಅಪ್ಪನಿಗೆ ಒಂದು ಕಡೆ ಪಾರ್ಶ್ವವಾಯು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಿದರು. ಕುರ್ಚಿ ಮೆಟ್ಟಿಲಿಗೆ ತಾಗಿದ ಸದ್ದಿಗೆ ಮಲ್ಲಿ ಓಡಿತು. ಅದನ್ನು ಒಯ್ಯಲು ತರಕಾರಿ ಬುಟ್ಟಿಗೆ ಬಲೆ ಕಟ್ಟಿ ತಯಾರು ಮಾಡಿ ಇಟ್ಟಿದ್ದೆ. ಪೋಟಮಾಳಾಕ್ಕೆ ಹತ್ತಿ ಟಾರ್ಚ್ ಬಿಟ್ಟರೆ ಎರಡು ಕಣ್ಣು ಕಾಣುತ್ತಿತ್ತು, ಕೈ ಮುಟ್ಟುತ್ತಿರಲಿಲ್ಲ. 5 ಗಂಟೆಯೊಳಗೆ ಖಾಲಿ ಆಗಬೇಕು ಅಂತ ಕೆಳಗಿನಿಂದ ಕೂಗುತ್ತಿದ್ದರು. ಟೆಂಪೋದವನು ಗಂಟೆಗೆ ಇಷ್ಟು ಅಂತ ಲೆಕ್ಕ ಹಾಕುತ್ತಿದ್ದ. ಮಾರನೇ ದಿನ ಬರೋಣ ಅಂತ ಒಂದು ತಟ್ಟೆ ಅನ್ನ ಮೀನು ಇಟ್ಟು ಬಂದೆ. ಮಾರನೇ ದಿನ ಬಂದಾಗ ಗೇಟಿಗೆ ಸರಪಳಿ. ಅದರ ಮಾರನೇ ದಿನವೂ ಬಂದೆ.

ಈಗ ಮೀರಾ ರೋಡಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೇವೆ. ಒಂದು ಹಾಲ್, ಒಂದು ಅಡುಗೆಮನೆ, ಒಂಬತ್ತು ಜನ. ಚಿಕ್ಕಪ್ಪನ ಮಗುವಿಗೆ ಅಸ್ತಮಾ. ಮಲ್ಲಿ ಸಿಕ್ಕಿದರೂ ಎಲ್ಲಿ ಇಡುವುದು ಅಂತ ಗೊತ್ತಿಲ್ಲ. ಅದಕ್ಕೇ ಪಾನ್‌ವಾಲಾನ ಫೋನ್ ಎತ್ತಲಿಲ್ಲ. ‘ಬಂದು ತಗೊಂಡು ಹೋಗು’ ಅಂದರೆ ಏನು ಹೇಳಲಿ?

ನೇರಮಾತು ಅವರೇ, ಫ್ರಿಜ್ಜೂ ಒಯ್ಯಲಿಲ್ಲ. ಭಂಗಾರದವನಿಗೆ 700 ರೂಪಾಯಿಗೆ ಕೊಟ್ಟೆವು. ಅಪ್ಪನ ಮಂಚವನ್ನೂ ಕೊಟ್ಟೆವು.

ನೇರಮಾತು · ರವಿವಾರ ಬೆಳಿಗ್ಗೆ 7:30

ತಪ್ಪಾಯಿತು. ಇನ್ನೇನು ಬರೆಯುವುದು ಗೊತ್ತಾಗುತ್ತಿಲ್ಲ. ನೀವು ಉಟ್ಟ ಒಂದು ಸೀರೆಯೋ ದುಪಟ್ಟಾವೋ ಕೊಡಿ. ನಾನು ದಹಿಸರ್‌ನಲ್ಲಿ ಇರುವುದು, ಮೀರಾ ರೋಡಿಗೆ ಬಂದು ತೆಗೆದುಕೊಂಡು ಸಯನ್‌ಗೆ ಮುಟ್ಟಿಸುತ್ತೇನೆ. ಈಗಲೇ ಹೊರಟೆ.

ಕಲ್ಯಾಣ್ ಸ್ಲೋ · ರವಿವಾರ ಬೆಳಿಗ್ಗೆ 8:00

ಮೂರನೇ ಮಾಳಿಗೆ ಅವರೇ, ಬೆಕ್ಕನ್ನು ದತ್ತು ಕೊಡಬೇಕು ಅಂತ ಯಾರೂ ಕೇಳುತ್ತಿಲ್ಲ. ಅಡ ಇಟ್ಟ ಹಾಗೆ ಅಂದುಕೊಳ್ಳಿ. ಕಷ್ಟಕಾಲದಲ್ಲಿ ಬಂಗಾರ ಅಡ ಇಡುತ್ತೇವೆ, ಅದೇನು ನಮ್ಮದಲ್ಲದೆ ಹೋಗುತ್ತದಾ? ಒಂದೇ ವ್ಯತ್ಯಾಸ, ಇಲ್ಲಿ ಬಡ್ಡಿ ಇಲ್ಲ.

ಆದರೆ ಬಾಯಿಮಾತು ಬೇಡ, ಒಂದು ಚೀಟಿ ಬರೆದುಕೊಳ್ಳಿ. ಎಷ್ಟು ತಿಂಗಳು, ಡಾಕ್ಟರ್ ಖರ್ಚು ಯಾರದು, ನೋಡಲು ಯಾವಾಗ ಬರಬಹುದು. ಕಾಯಿಲೆ ಬಿದ್ದರೆ ಯಾರನ್ನು ಕೇಳಿ ನಿರ್ಧಾರ ಅನ್ನುವುದನ್ನೂ ಬರೆಯಿರಿ, ಆಮೇಲೆ ಜಗಳ ಬರುವುದು ಅಲ್ಲೇ. ಇಟ್ಟುಕೊಂಡವರಿಗೆ ಪ್ರೀತಿ ಬೆಳೆದು ‘ನೀವು ಬಿಟ್ಟು ಹೋದವರು, ಕೊಡುವುದಿಲ್ಲ’ ಅಂದ ಉದಾಹರಣೆ ಇದೆ.

ಕಲಂ ನಾಲ್ಕು · ರವಿವಾರ ಬೆಳಿಗ್ಗೆ 9:15

ಚೀಟಿಯ ನಮೂನೆ ನಾನು ಬರೆದು ಕೊಡುತ್ತೇನೆ, ಒಂದು ಪುಟ ಸಾಕು. ಇನ್ನೊಂದು ವಿಷಯ, ಮುಂದೆ ಬಾಡಿಗೆ ಮನೆ ನೋಡುವಾಗ ಬೇಕಾಗುತ್ತದೆ. ಪ್ರಾಣಿ ಸಾಕುವುದನ್ನು ಹೌಸಿಂಗ್ ಸೊಸಾಯಿಟಿ ಬಹುಮತದ ಠರಾವು ಮಾಡಿಯೂ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ ಮನೆ ಓನರ್ ಲೀವ್ ಆಂಡ್ ಲೈಸೆನ್ಸ್ ಕಾಗದದಲ್ಲಿ, ಅಂದರೆ ಬಾಡಿಗೆ ಕರಾರಿನಲ್ಲಿ, ‘ಪ್ರಾಣಿ ಇಲ್ಲ’ ಅಂತ ಬರೆಸಿ ನೀವು ಸಹಿ ಹಾಕಿದರೆ ಆ ಮಾರ್ಗಸೂಚಿ ಹಿಡಿದು ಹೋರಾಡುವುದು ಕಷ್ಟ. ಸಹಿಗೆ ಮುಂಚೆ ಓದಿ. ಬ್ರೋಕರ್ ‘ಅದೆಲ್ಲ ಫಾರ್ಮಾಲಿಟಿ’ ಅನ್ನುತ್ತಾನೆ. ನಂಬಬೇಡಿ.

ಪವಯಿ ಕೆರೆ · ರವಿವಾರ ಬೆಳಿಗ್ಗೆ 10:40

ನಡುವೆ ಒಂದು ಮಾತು. 2005ರ ಜುಲೈ 26 ಎಲ್ಲರಿಗೂ ನೆನಪಿರಬೇಕು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾವು ಆಗ ಕಾಲಿನಾದಲ್ಲಿದ್ದೆವು. ಗ್ರೌಂಡ್ ಫ್ಲೋರಿನ ಅಜ್ಜಿಯೊಬ್ಬರು ಸೊಂಟದವರೆಗೆ ನೀರು ಬಂದರೂ ಮನೆ ಬಿಡಲಿಲ್ಲ. ಎರಡು ನಾಯಿಗಳನ್ನು ಅಡುಗೆ ಕಟ್ಟೆಯ ಮೇಲೆ ಹತ್ತಿಸಿ ತಾವು ಪಕ್ಕದಲ್ಲಿ ನಿಂತಿದ್ದರು. ನಾಯಿಗಳನ್ನು ಮೇಲೆ ಒಯ್ಯುತ್ತೇವೆ ಅಂದ ಮೇಲೆಯೇ ಹೊರಗೆ ಬಂದದ್ದು.

ಸರಿಯಾಗಿ ಮುಂದಿನ ತಿಂಗಳು ಅಮೆರಿಕದಲ್ಲಿ ಕತ್ರೀನಾ ಚಂಡಮಾರುತ. ಅಲ್ಲಿಯೂ ಹೀಗೇ, ನಾಯಿ ಬೆಕ್ಕು ಬಿಟ್ಟು ಬರುವುದಿಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ಅವರು 2006ರಲ್ಲಿ ಕಾನೂನನ್ನೇ ಮಾಡಿದರು, ಜನರನ್ನು ಸ್ಥಳಾಂತರಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳ ವ್ಯವಸ್ಥೆಯೂ ಇರಬೇಕು ಅಂತ. ಪ್ರಾಣಿ ಪ್ರೀತಿಗಿಂತ ಜಾಸ್ತಿ, ಅದು ಮನುಷ್ಯರನ್ನು ಹೊರಗೆ ತರುವ ಉಪಾಯ.

ಇನ್ನೊಂದು, ಮನೆ ಖಾಲಿ ಮಾಡುವಾಗ ಮೀನಿನ ತೊಟ್ಟಿಯ ಆಮೆಗಳನ್ನು ನಮ್ಮ ಕೆರೆಗೆ ತಂದು ಸುರಿಯಬೇಡಿ. ಆ ಕೆಂಪು ಕಿವಿಯ ಆಮೆ ಇಲ್ಲಿನದಲ್ಲ, ಇಲ್ಲಿನವುಗಳ ಊಟ ಕಿತ್ತುಕೊಳ್ಳುತ್ತದೆ.

ಬಂಗಡೆ ಫ್ರೈ · ರವಿವಾರ ಬೆಳಿಗ್ಗೆ 11:00

ಪ್ರಾಣಿಗಳ ಆಸ್ಪತ್ರೆಯಲ್ಲೋ ಶೆಲ್ಟರಿನಲ್ಲೋ ಸ್ವಲ್ಪ ದಿನ ಬಿಡಲು ಆಗುವುದಿಲ್ವಾ? ಪರೇಲಿನಲ್ಲಿ ಬೈಲ್ ಘೋಡಾ ಆಸ್ಪತ್ರೆ ಇದೆಯಲ್ಲ.

ಹಳೇ ಡಾಕ್ಟರ್ · ರವಿವಾರ ಬೆಳಿಗ್ಗೆ 11:35

ಪರೇಲಿನದು ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ. ಹತ್ತೊಂಬತ್ತನೇ ಶತಮಾನದ್ದು, ಟ್ರಾಮಿನ ಕುದುರೆ, ಗಾಡಿ ಎತ್ತುಗಳ ಕಾಲದ್ದು, ಅದಕ್ಕೇ ಬೈಲ್ ಘೋಡಾ ಅನ್ನುವ ಹೆಸರು. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾದವರ ದೊಡ್ಡ ಆಸ್ಪತ್ರೆಯೂ ಶುರುವಾಗಿದೆ. ಚಿಕಿತ್ಸೆಗೆ ಖಂಡಿತ ಹೋಗಿ. ಆದರೆ ಆರೋಗ್ಯವಾಗಿರುವ ಬೆಕ್ಕನ್ನು ಹತ್ತಾರು ರೋಗಿ ಬೆಕ್ಕುಗಳ ನಡುವೆ ಯಾಕೆ ಇಡಬೇಕು? ಲಸಿಕೆ ಆಗದ ಬೆಕ್ಕಿಗೆ ಮಾರಕ ವೈರಸ್ ರೋಗವಾದ ಪ್ಯಾನ್‌ಲ್ಯುಕೋಪೀನಿಯಾ ತಗುಲಿದರೆ ಉಳಿಸುವುದು ಬಹಳ ಕಷ್ಟ. ಶೆಲ್ಟರುಗಳು ಗಾಯಗೊಂಡ ಪ್ರಾಣಿಗಳಿಂದಲೇ ತುಂಬಿ ತುಳುಕುತ್ತಿರುತ್ತವೆ. ಯಾರದೋ ಮನೆಯ ಒಂದು ಬಾತ್‌ರೂಮ್ ಶೆಲ್ಟರಿಗಿಂತ ಎಷ್ಟೋ ವಾಸಿ.

ಹಾಂ, ಹಿಡಿದ ಮೇಲೆ ಮೈ ಬಿಸಿ ಇದೆ ಅಂತ ಯಾರೂ ಪ್ಯಾರಾಸಿಟಮಾಲ್ ಕೊಡಬೇಡಿ. ಮನುಷ್ಯರ ಆ ಮಾತ್ರೆ ಬೆಕ್ಕಿಗೆ ವಿಷ, ಅರ್ಧ ಕೊಟ್ಟರೂ ಸಾಯಬಹುದು.

ಸಯನ್ ಸರ್ಕಲ್ · ಸೋಮವಾರ ಬೆಳಗಿನ ಜಾವ 2:50

ಸಿಕ್ಕಿತು! ಸಿಕ್ಕಿತು!

ಕೈ ನಡುಗುತ್ತಿದೆ, ತಪ್ಪು ಬರೆದರೆ ಕ್ಷಮಿಸಿ. ನೇರಮಾತು ಅವರು ಮಧ್ಯಾಹ್ನವೇ ದುಪಟ್ಟಾ ತಂದುಕೊಟ್ಟರು. ಹುಡುಗ ಅದನ್ನು ಬೋನಿನಲ್ಲಿ ಹಾಸಿ, ಬಾಗಿಲಿನ ಕಟ್ಟು ಬಿಚ್ಚಿ ಬಂದ. ನಾವು ಮೂವರು ನಮ್ಮ ಅಡುಗೆಮನೆಯಲ್ಲಿ ಲೈಟ್ ಆರಿಸಿ ಕೂತೆವು. 12 ಆಯಿತು, 1 ಆಯಿತು. ಮೂರನೇ ಮಾಳಿಗೆ ಅವರು ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿದ್ದರು. ‘ಮಲ್ಲೀ, ಬಾರೇ, ಊಟ ಮಾಡೇ’ ಅಂತ, ದಿನಾ ಕರೆಯುವ ಹಾಗೆ. ಕಿಟಕಿಯಿಂದ ಹಾಕಿದೆ. ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಗೆಜ್ಜೆ. ಗ್ಯಾಲರಿಯ ಕಟ್ಟೆಯ ಮೇಲೆ ಬಂದು ನಿಂತು ನಮ್ಮ ಕಡೆ ನೋಡಿತು. ದನಿ ಈ ಕಡೆಯಿಂದ ಬರುತ್ತಿದೆ, ವಾಸನೆ ಆ ಕಡೆಯಿಂದ. ತುಂಬಾ ಹೊತ್ತು ತಲೆ ಆ ಕಡೆ ಈ ಕಡೆ ತಿರುಗಿಸುತ್ತಿತ್ತು. ನಾನು ರೆಕಾರ್ಡ್ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಒಳಗೆ ಹೋಯಿತು. ಟಪ್ ಅಂತ ಬಾಗಿಲು ಬಿತ್ತು.

ಹುಡುಗ ಓಡಿಹೋಗಿ ಹೊದಿಕೆ ಹಾಕಿ ಇಳಿಸಿ ತಂದ. ಈಗ ನಮ್ಮ ಬಾತ್‌ರೂಮಿನಲ್ಲಿದೆ, ಬಕೆಟಿನ ಹಿಂದೆ. ದುಪಟ್ಟಾದ ಮೇಲೆ ಕೂತಿದೆ. ತಟ್ಟೆ ಖಾಲಿ ಮಾಡಿದೆ. ಬೋನಿನಿಂದ ಬಿಡುವಾಗ ನನ್ನ ಮುಂಗೈ ಪರಚಿತು. ಡಾಕ್ಟ್ರೇ, 15 ನಿಮಿಷ ತೊಳೆದಿದ್ದೇನೆ, ಬೆಳಿಗ್ಗೆಯೇ ಇಂಜೆಕ್ಷನ್‌ಗೆ ಹೋಗುತ್ತೇನೆ.

ಮೂರನೇ ಮಾಳಿಗೆ · ಸೋಮವಾರ ಬೆಳಗಿನ ಜಾವ 2:54

ಅಮ್ಮ ಎದ್ದು ಕೂತಿದ್ದಾರೆ. ಅಪ್ಪನಿಗೆ ಹೇಳಿದೆ, ಎಡಗೈ ಎತ್ತಿದರು. ಗುರುವಾರ ಸಂಜೆ ಬರಲಾ? ಆ ಕೆಂಪು ದಾರ ಬಿಗಿಯಾಗಿರಬಹುದು, ಬಿಚ್ಚಿಬಿಡಿ. ಗೆಜ್ಜೆ ಮಾತ್ರ ಎತ್ತಿಡಿ.

ವಿಜಾಪುರ ಜೋಳ · ಸೋಮವಾರ ಬೆಳಿಗ್ಗೆ 8:20

ಬೆಳಿಗ್ಗೆ ಎದ್ದು ಓದಿದೆ, ಖುಷಿಯಾಯಿತು. ಹುಡುಗ ಇವತ್ತು ಕೆಲಸಕ್ಕೆ ತಡವಾಗಿ ಬಂದ, ಬೈಯಲಿಲ್ಲ.

ಒಂದು ಸುದ್ದಿ. ಅದೇ ಗಲ್ಲಿಯ ಎರಡನೇ ಬಿಲ್ಡಿಂಗಿಗೂ ನೋಟಿಸ್ ಅಂಟಿಸಿದ್ದಾರಂತೆ. ಖಾಲಿ ಮಾಡಲು ಇನ್ನೂ ಸ್ವಲ್ಪ ವಾರಗಳಿವೆ.

ಸಯನ್ ಸರ್ಕಲ್ · ಸೋಮವಾರ ಬೆಳಿಗ್ಗೆ 11:45

ಇಂಜೆಕ್ಷನ್ ಆಯಿತು. ಬರುವ ದಾರಿಯಲ್ಲಿ ಆ ಬಿಲ್ಡಿಂಗಿಗೆ ಹೋಗಿ ಸೆಕ್ರೆಟರಿಯನ್ನು ಕಂಡೆ. ಮೊದಲು ‘ನೀವು ಯಾವ ಪಾರ್ಟಿಯವರು?’ ಅಂದರು. ಬೆಕ್ಕಿನ ಕಥೆ ಹೇಳಿದ ಮೇಲೆ ಕೂರಿಸಿ ಚಹಾ ಕೊಟ್ಟರು. 18 ಮನೆ. ಎರಡು ನಾಯಿ, ಮೂರು ಬೆಕ್ಕು, ಒಂದು ಗಿಳಿ. ಗಿಳಿಯ ವಿಷಯ ಹೇಳುವಾಗ ದನಿ ತಗ್ಗಿಸಿದರು.

ಹಳೇ ಡಾಕ್ಟರ್ · ಸೋಮವಾರ ಮಧ್ಯಾಹ್ನ 12:10

ತಗ್ಗಿಸಲೇಬೇಕು. ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಅದೇ ಹೆದರಿಕೆಗೆ ಖಾಲಿ ಮಾಡುವ ದಿನ ಪಂಜರದ ಬಾಗಿಲು ತೆಗೆದು ಬಿಡುತ್ತಾರೆ. ಹಾರಲು ಬಾರದ ಗಿಳಿಯನ್ನು ಕಾಗೆಗಳು ಹತ್ತು ನಿಮಿಷ ಉಳಿಸುವುದಿಲ್ಲ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿಸಿ, ಅಥವಾ ನಾನೇ ಬಂದು ಮಾತಾಡುತ್ತೇನೆ. ಉಳಿದ ಐದಕ್ಕೂ ಲಸಿಕೆ ಈಗಲೇ ಹಾಕಿಬಿಡೋಣ. ಲಸಿಕೆಯ ಪುಸ್ತಕ ಇದ್ದರೆ ಇಟ್ಟುಕೊಳ್ಳುವವರು ಬೇಗ ಒಪ್ಪುತ್ತಾರೆ.

ನೇರಮಾತು · ಸೋಮವಾರ ಮಧ್ಯಾಹ್ನ 12:30

ಒಂದು ನಾಯಿ ನನ್ನ ಮನೆಗೆ. ಆರು ತಿಂಗಳು. ಚೀಟಿ ಬರೆದು ಕೊಡುತ್ತೇನೆ.

ಸಯನ್ ಸರ್ಕಲ್ · ಸೋಮವಾರ ಮಧ್ಯಾಹ್ನ 12:40

ಬುಧವಾರ ಸಂಜೆ 7ಕ್ಕೆ ಅವರ ಸೊಸಾಯಿಟಿ ಮೀಟಿಂಗ್. ನಮಗೆ ಕೊನೆಯಲ್ಲಿ ಹತ್ತು ನಿಮಿಷ ಕೊಡುತ್ತಾರಂತೆ. ಬರುವವರು ಗೇಟಿನ ಹತ್ತಿರ ಸೇರಿ. ಬಂಗಡೆ ಫ್ರೈ ಅವರೇ, ನೀವೂ ಬನ್ನಿ, ಆದರೆ ಕೈಯಲ್ಲಿ ಏನೂ ತರಬೇಡಿ. ಆ ಬಿಲ್ಡಿಂಗ್ ಶುದ್ಧ ಶಾಕಾಹಾರಿ.